ಬಸ್ಸಿನಲ್ಲಿ ಕ್ರಿಸ್ಟಿನಾ

ಆಲಿವರ್ ಸ್ಯಾಕ್ಸ್‌ನ 'ದಿ ಮ್ಯಾನ್ ಹೂ ಮಿಸ್ಟೂಕ್ ಹಿಸ್ ವೈಫ್ ಫಾರ್ ಎ ಹ್ಯಾಟ್' (1985) ನಮ್ಮಲ್ಲಿಯೂ ಸಾಕಷ್ಟು ಜನ ಓದಿರುವ ಪುಸ್ತಕ. ಓದಿದವರಿಗೆ ನೆನಪಿನಲ್ಲಿ ಉಳಿಯುವುದು ಸಾಮಾನ್ಯವಾಗಿ ಪುಸ್ತಕಕ್ಕೆ ಹೆಸರು ಕೊಟ್ಟ ಮೊದಲ ಪ್ರಕರಣ. ಹೆಂಡತಿಯ ತಲೆಯನ್ನೇ ಟೋಪಿಯೆಂದು ತಿಳಿದು ಎತ್ತಿಕೊಳ್ಳಲು ಕೈಚಾಚಿದ ಸಂಗೀತದ ಮೇಷ್ಟ್ರು. ಇಲ್ಲವೆ ಅವಿಭಾಜ್ಯ ಸಂಖ್ಯೆಗಳನ್ನು ಮಿಠಾಯಿಯ ಹಾಗೆ ಹಂಚಿಕೊಂಡು ಸವಿಯುವ ಅವಳಿ ಸೋದರರು. ಈ ವಿಚಿತ್ರಗಳ ನಡುವೆ ಮೂರನೆಯ ಅಧ್ಯಾಯವನ್ನು, ಎಂದರೆ ಮೈಯನ್ನೇ ಕಳೆದುಕೊಂಡ ಹೆಂಗಸಿನ ಕಥೆಯನ್ನು, ಜನ ಬೇಗ ಮರೆತುಬಿಡುತ್ತಾರೆ. ನನಗೆ ಮಾತ್ರ ಇಡೀ ಪುಸ್ತಕದಲ್ಲಿ ಮತ್ತೆ ಮತ್ತೆ ಓದಬೇಕೆನಿಸಿದ್ದು ಅದೊಂದೇ. ಅದರಲ್ಲೂ ಒಂದೇ ಒಂದು ಪ್ಯಾರಾ: ಆಕೆ ಬಸ್ಸು ಹತ್ತುವ ಪ್ಯಾರಾ.

ಕಥೆ ಇಷ್ಟು. ಕ್ರಿಸ್ಟಿನಾ ಎಂದು ಸ್ಯಾಕ್ಸ್ ಹೆಸರಿಟ್ಟ ಈಕೆಗೆ ಇಪ್ಪತ್ತೇಳು ವಯಸ್ಸು. ಹಾಕಿ ಆಡುವ, ಕುದುರೆ ಸವಾರಿ ಮಾಡುವ ಗಟ್ಟಿ ಹೆಣ್ಣು. ಇಬ್ಬರು ಚಿಕ್ಕ ಮಕ್ಕಳು. ಮನೆಯಲ್ಲೇ ಕೂತು ಮಾಡುವ ಕಂಪ್ಯೂಟರ್ ಪ್ರೋಗ್ರಾಮಿಂಗ್ ಕೆಲಸ. ಪಿತ್ತಕೋಶದಲ್ಲಿ ಕಲ್ಲು ಎಂದು ಆಸ್ಪತ್ರೆಗೆ ಸೇರುತ್ತಾಳೆ. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಅವಳಿಗೊಂದು ಕನಸು: ಕಾಲ ಕೆಳಗೆ ನೆಲವಿದೆಯೆಂಬುದೇ ತಿಳಿಯುತ್ತಿಲ್ಲ, ಹಿಡಿದದ್ದೆಲ್ಲ ಕೈಯಿಂದ ಜಾರುತ್ತಿದೆ. ಆಪರೇಷನ್ನಿನ ಭಯ, ಅಷ್ಟೇ ಎಂದು ಮನೋವೈದ್ಯ ಸಮಾಧಾನ ಹೇಳುತ್ತಾನೆ. ಅದೇ ದಿನ ಆ ಕನಸು ನಿಜವಾಗುತ್ತದೆ. ನಿಂತರೆ ತೂರಾಡುತ್ತಾಳೆ, ಕೈಯಲ್ಲಿನ ವಸ್ತು ಬೀಳುತ್ತದೆ. ಮನೋವೈದ್ಯ ಮತ್ತೊಮ್ಮೆ ಬಂದು ಹಿಸ್ಟೀರಿಯಾ ಎಂದು ಬರೆದು ಹೋಗುತ್ತಾನೆ. ಮರುದಿನ ಇನ್ನಷ್ಟು ಕೆಟ್ಟ ಮೇಲೆ ಪರೀಕ್ಷೆ ಮಾಡಿದರೆ, ಸಂವೇದನೆಯ ನರಗಳಿಗೆ ಉರಿಯೂತ ಹತ್ತಿದೆ. ಸ್ನಾಯುಗಳಲ್ಲಿ ಬಲವಿದೆ. ಆದರೆ ಕೈ ಎಲ್ಲಿದೆ, ಕಾಲು ಎಲ್ಲಿದೆ, ಮೈ ಯಾವ ಭಂಗಿಯಲ್ಲಿದೆ ಎಂದು ಸದಾ ಒಳಗಿಂದ ಬರುತ್ತಿದ್ದ ಸುದ್ದಿ ನಿಂತುಹೋಗಿದೆ.

ಇಂಗ್ಲಿಷಿನಲ್ಲಿ ಇದಕ್ಕೆ ಪ್ರೊಪ್ರಿಯೋಸೆಪ್ಷನ್ ಎನ್ನುತ್ತಾರೆ. ಇಂಗ್ಲೆಂಡಿನ ಶರೀರವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಬಳಕೆಗೆ ತಂದ ಶಬ್ದ. ಕನ್ನಡದಲ್ಲಿ ಇದಕ್ಕೊಂದು ಶಾಸ್ತ್ರೀಯ ಪದ ಹುಡುಕಿ ಸುಸ್ತಾದ ಮೇಲೆ ನನಗೆ ಹೊಳೆದದ್ದು, ನಮ್ಮ ಆಡುಮಾತಿಗೆ ಈ ಸಂಗತಿ ಚೆನ್ನಾಗಿಯೇ ಗೊತ್ತಿದೆ ಎಂದು. 'ಮೈಮೇಲೆ ಎಚ್ಚರವಿರಲಿ' ಎನ್ನುತ್ತೇವೆ, 'ಮೈಮರೆತ' ಎನ್ನುತ್ತೇವೆ. ಇನ್ನು 'ಮೈಯೆಲ್ಲ ಕಣ್ಣಾಗಿ' ಎಂಬ ಮಾತಂತೂ ಕ್ರಿಸ್ಟಿನಾಳಿಗೇ ಹೇಳಿ ಮಾಡಿಸಿದಂತಿದೆ. ನಾವು ಅದನ್ನು ಕಾತರದಿಂದ ಕಾಯುವವರ ಬಗ್ಗೆ ಅಲಂಕಾರವಾಗಿ ಬಳಸುತ್ತೇವೆ. ಆಕೆ ಅಕ್ಷರಶಃ ಹಾಗೇ ಬದುಕಬೇಕಾಯಿತು. ಕಣ್ಣಿನಿಂದ ನೋಡಿದರೆ ಮಾತ್ರ ಕೈ ಅವಳ ಕೈ, ಕಣ್ಣು ಮುಚ್ಚಿದರೆ ಕುಸಿತ. ಕೂರುವುದನ್ನು ಕಲಿಯಲು, ನಿಲ್ಲಲು, ನಡೆಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಮುಳ್ಳುಚಮಚವನ್ನು ಎಷ್ಟು ಬಿಗಿ ಹಿಡಿಯಬೇಕೆಂದು ತಿಳಿಯದೆ ಬೆರಳ ತುದಿ ಬಿಳಿಚುವಷ್ಟು ಬಿಗಿ ಹಿಡಿಯುತ್ತಾಳೆ. ಸ್ವಲ್ಪ ಸಡಿಲಿಸಿದರೆ ಅದು ನೆಲಕ್ಕೆ. ಹೆಚ್ಚುಕಡಿಮೆ ಒಂದು ವರ್ಷದ ನಂತರ ಮನೆಗೆ, ಮಕ್ಕಳ ಬಳಿಗೆ, ಕಂಪ್ಯೂಟರಿನ ಮುಂದಕ್ಕೆ ಮರಳುತ್ತಾಳೆ. ಕಳೆದುಹೋದ ಅರಿವು ಮಾತ್ರ ಮರಳುವುದಿಲ್ಲ.

ಆಮೇಲೆ ಆ ಬಸ್ಸು. ಎಚ್ಚರಿಕೆಯಿಂದ, ಎಳೆದೆಳೆದು ಆಕೆ ಬಸ್ಸು ಹತ್ತುವಾಗ ಜನ ಸಿಡುಕುತ್ತಾರೆ. ಕಣ್ಣು ಕಾಣುವುದಿಲ್ಲವೆ, ಕುಡಿದಿದ್ದೀಯಾ ಎಂದು ಕೇಳುತ್ತಾರೆ. ಏನೆಂದು ಉತ್ತರಿಸುವುದು? ಕುರುಡಿಯಲ್ಲ, ಲಕ್ವಾ ಹೊಡೆದಿಲ್ಲ, ಕೈಯಲ್ಲಿ ಕೋಲಿಲ್ಲ. ಹೊರಗಿನಿಂದ ನೋಡಿದರೆ ಅವಳಿಗೆ 'ಏನೂ ಆಗಿಲ್ಲ'. ಹೀಗಾಗಿ ಜನ ಅವಳನ್ನು ಒಂದೋ ನಟನೆ ಮಾಡುವವಳು, ಇಲ್ಲವೆ ಪೆದ್ದಿ ಎಂದು ತೀರ್ಮಾನಿಸುತ್ತಾರೆ. ಇಂಥ ಕಾಣದ ಇಂದ್ರಿಯದ ಊನಕ್ಕೆ ಸಮಾಜದ ಬಳಿ ಮಾತೂ ಇಲ್ಲ, ಮರುಕವೂ ಇಲ್ಲ ಎಂದು ಸ್ಯಾಕ್ಸ್ ಗುರುತಿಸುತ್ತಾನೆ. ಆಸ್ಪತ್ರೆಯ ಕೋಣೆಯಿಂದ ಹೊರಬಂದು, ರೋಗಿ ಸಮಾಜದಲ್ಲಿ ಎಲ್ಲಿ ಎಡವುತ್ತಾಳೆಂದು ವೈದ್ಯನೊಬ್ಬ ಕಂಡು ಬರೆದದ್ದು ಸಣ್ಣ ಸಂಗತಿಯೇನಲ್ಲ.

ಇಷ್ಟು ಮೆಚ್ಚಿಕೊಂಡ ಮೇಲೆ ನನ್ನ ತಕರಾರನ್ನೂ ಹೇಳಬೇಕು. ಸ್ಯಾಕ್ಸ್ ಬಸ್ಸಿನ ಜನರನ್ನು ದೂರುತ್ತಾನೆ. ಆದರೆ ಅವಳನ್ನು ಮೊದಲು ನಂಬದೆಹೋದವರು ಬಸ್ಸಿನವರಲ್ಲ, ಆಸ್ಪತ್ರೆಯವರು. ಬಸ್ಸಿನಲ್ಲಿದ್ದವರಿಗೆ ಆಕೆಯ ಪರಿಚಯವಿರಲಿಲ್ಲ. ಮನೋವೈದ್ಯನ ಕೈಯಲ್ಲಿ ಅವಳ ಕಾಗದಪತ್ರವೆಲ್ಲ ಇತ್ತು, ಅವಳ ಬಾಯಿಂದಲೇ ಎಲ್ಲ ಕೇಳಿದ್ದ. ಆ ಹಿಸ್ಟೀರಿಯಾ ಎಂಬ ಷರಾವನ್ನು ಸ್ಯಾಕ್ಸ್ ಕೆಲವೇ ಸಾಲುಗಳಲ್ಲಿ ದಾಟಿ ಮುಂದೆ ಹೋಗುತ್ತಾನೆ, ಅದು ನಿಜವಾದ ರೋಗನಿರ್ಣಯಕ್ಕೆ ಮುಂಚಿನ ಒಂದು ನಾಟಕೀಯ ತಿರುವು ಎಂಬಂತೆ. ನನ್ನ ಮಟ್ಟಿಗೆ ಪ್ರಕರಣದ ಜೀವ ಇರುವುದೇ ಅಲ್ಲಿ. ಎರಡು ದಿನದಲ್ಲಿ ಕೆಟ್ಟದಾಗಿ ಕುಸಿದಳಾಗಿ ಕ್ರಿಸ್ಟಿನಾ ಬಚಾವಾದಳು. ನಿಧಾನವಾಗಿ ಕುಸಿಯುವವರು ಆ ಷರಾದ ಕೆಳಗೆ ಎಷ್ಟು ವರ್ಷ ಕಳೆಯುತ್ತಾರೆ?

ಈ ಪ್ರಶ್ನೆ ನನ್ನದಾಗಲು ಕಾರಣ ನನ್ನ ಹೆಂಡತಿ. ಆಕೆಗಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಮೇಲಿನ ಮಯಲಿನ್ ಎಂಬ ಹೊದಿಕೆಯನ್ನು ದೇಹದ ರಕ್ಷಣಾ ವ್ಯವಸ್ಥೆಯೇ ಅಲ್ಲಲ್ಲಿ ತಿಂದುಹಾಕುವ ಕಾಯಿಲೆ. 2009ರಲ್ಲಿ ಬಲಗಾಲು ಜೋಮು ಹಿಡಿದಂತಾಗಿ ಶುರುವಾದದ್ದು, ಹೆಸರು ಹಿಡಿದು ಕರೆಸಿಕೊಂಡಿದ್ದು 2013ರಲ್ಲಿ. ನಡುವಿನ ನಾಲ್ಕು ವರ್ಷ ಆಕೆ ಮೂಳೆಯ ವೈದ್ಯರನ್ನು, ಚರ್ಮದ ವೈದ್ಯರನ್ನು, ಕಣ್ಣಿನವರನ್ನು ಕಂಡಳು. ಎಲ್ಲರೂ ಬರೆಸಿದ ಪರೀಕ್ಷೆಗಳ ವರದಿ ಬಂದದ್ದು 'ನಾರ್ಮಲ್' ಎಂದೇ. ಆ ಶಬ್ದವನ್ನು ಕೇಳಿ ಸಂತೋಷಪಡಬೇಕಾದವಳು ಅಳುತ್ತಿದ್ದಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಉತ್ತರ ತಪ್ಪು ಬಂದಾಗ ಲೆಕ್ಕವನ್ನು ಮೊದಲಿನಿಂದ ನೋಡಬೇಕೆಂಬುದು ಅವಳ ಅಭ್ಯಾಸ. ಇವರು ಲೆಕ್ಕವನ್ನು ಬಿಟ್ಟು ವಿದ್ಯಾರ್ಥಿಯನ್ನೇ ಸಂಶಯಿಸಿದರು. 'ಟೆನ್ಶನ್ ಕಡಿಮಿ ಮಾಡ್ಕೋರಿ' ಎಂದು ಒಬ್ಬರು, 'ಮನಿಯೊಳಗ ಏನರ ಜಗಳ ಅದಾವೇನು' ಎಂದು ಇನ್ನೊಬ್ಬರು ನನ್ನ ಕಡೆ ನೋಡಿ.

ಕೊನೆಗೊಬ್ಬ ನರರೋಗ ತಜ್ಞರು ಬೀಗದ ಕೈಯಿಂದ ಅವಳ ಅಂಗಾಲನ್ನು ಹಿಮ್ಮಡಿಯಿಂದ ಮೇಲಕ್ಕೆ ಗೀರಿದರು. ಹೆಬ್ಬೆರಳು ಕೆಳಗೆ ಮಡಚುವ ಬದಲು ಮೇಲಕ್ಕೆದ್ದಿತು. ಇದು ಜೋಸೆಫ್ ಬಾಬಿನ್ಸ್ಕಿ 1896ರಲ್ಲಿ ವಿವರಿಸಿದ ಚಿಹ್ನೆ. ನರಮಂಡಲದ ನಿಜವಾದ ಪೆಟ್ಟನ್ನು ಹಿಸ್ಟೀರಿಯಾದಿಂದ ಬೇರೆ ಮಾಡಿ ತೋರಿಸಲು ಅದು ಬಳಕೆಯಾಗುತ್ತ ಬಂತು. ಹೆಬ್ಬೆರಳು ಮೇಲೆದ್ದ ಆ ಗಳಿಗೆಯಿಂದ ಅವಳ ಮಾತಿಗೆ ಬೆಲೆ ಬಂತು. ನಾಲ್ಕು ವರ್ಷ ಬಾಯಿ ಹೇಳಿದ್ದನ್ನು ನಂಬದವರು ಕಾಲ್ಬೆರಳು ಹೇಳಿದ್ದನ್ನು ನಂಬಿದರು. ಮುಂದೆ ಎಂ.ಆರ್.ಐ. ಚಿತ್ರದಲ್ಲಿ ಬಿಳಿಯ ಮಚ್ಚೆಗಳು ಕಂಡಮೇಲಂತೂ ಎಲ್ಲರೂ ಬಹಳ ಗೌರವದಿಂದ ಮಾತಾಡಿದರು.

ಇಲ್ಲಿ ಇತಿಹಾಸದ ಒಂದು ವ್ಯಂಗ್ಯವಿದೆ. ಈ ಕಾಯಿಲೆಯನ್ನು 1868ರಲ್ಲಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಸ್ಪಷ್ಟವಾಗಿ ಪ್ರತ್ಯೇಕಿಸಿ ಹೆಸರಿಟ್ಟವನು ಶಾರ್ಕೋ. ಹೆಂಗಸರ ಹಿಸ್ಟೀರಿಯಾವನ್ನು ಸಭಿಕರೆದುರು ಪ್ರದರ್ಶಿಸಿ ಯುರೋಪಿನಲ್ಲೆಲ್ಲ ಖ್ಯಾತನಾದವನೂ ಅದೇ ಶಾರ್ಕೋ. ಬಾಬಿನ್ಸ್ಕಿ ಅವನ ಶಿಷ್ಯ. ಒಂದೇ ಆಸ್ಪತ್ರೆಯಿಂದ, ಒಂದೇ ಗುರುವಿನಿಂದ ಈ ಎರಡು ಹೆಸರುಗಳೂ ಪ್ರಚಾರಕ್ಕೆ ಬಂದವು. ನಂತರದ ಕಾಲದಲ್ಲಿ ಮೊದಲನೆಯದಿದ್ದ ಎಷ್ಟೋ ಹೆಂಗಸರು ಎರಡನೆಯದರ ಚೀಟಿ ಅಂಟಿಸಿಕೊಂಡು ಓಡಾಡಿದರು. ಮೆದುಳಿನ ಚಿತ್ರ ತೆಗೆಯುವ ಯಂತ್ರ 1980ರ ದಶಕದಲ್ಲಿ ಬಂತು; ಅದಕ್ಕೂ ಮೊದಲು ಕೆಲವು ಕಡೆ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂಡಿಸಿ, ಲಕ್ಷಣಗಳು ಹೆಚ್ಚಾಗುತ್ತವೆಯೇ ಎಂದು ನೋಡುತ್ತಿದ್ದರು. ಯಾಕೆಂದರೆ ಹೊದಿಕೆ ಹರಿದ ನರ ಶಾಖ ಏರಿದಾಗ ಸುದ್ದಿ ಸಾಗಿಸುವುದನ್ನು ನಿಲ್ಲಿಸಿಬಿಡುತ್ತದೆ. ವ್ಯಾಯಾಮದ ನಂತರ ದೃಷ್ಟಿ ಮಂಜಾಗುವುದನ್ನು 1890ರಲ್ಲಿ ವಿಲ್ಹೆಲ್ಮ್ ಊಟ್‌ಹಾಫ್ ಎಂಬ ಜರ್ಮನ್ ನೇತ್ರವೈದ್ಯ ಗಮನಿಸಿದ್ದ. ಅದು ಅವನ ಹೆಸರಿನಲ್ಲೇ ಉಳಿದಿದೆ. ನಮ್ಮ ಬಯಲುಸೀಮೆಯಲ್ಲಿ ಇದಕ್ಕೆ ತೊಟ್ಟಿ ಬೇಕಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಸಾಕು. ಜನವರಿಯ ಮುಂಜಾನೆ ಮಾರ್ಕೆಟ್ಟಿಗೆ ನಡೆದು ಹೋಗಿ ಬರುವವಳು, ಏಪ್ರಿಲ್ಲಿನಲ್ಲಿ ಅಡುಗೆಮನೆಯಿಂದ ಪಡಸಾಲೆಗೆ ಗೋಡೆ ಹಿಡಿದು ಬರುತ್ತಾಳೆ. ನೆರೆಯವರು ಎರಡನ್ನೂ ನೋಡುತ್ತಾರೆ. ಮುಂಜಾನೆ ಚಲೋ ಇದ್ದಳಲ್ಲ!

ಕಾಣದ ಊನದ ಸ್ವಭಾವವೇ ಇದು: ಅದು ಕಾಣದಿರುವುದು ಮಾತ್ರವಲ್ಲ, ಬಂದು ಹೋಗುತ್ತಿರುತ್ತದೆ. ನಮ್ಮ ಕಾನೂನಿಗಾಗಲಿ ಆಸ್ಪತ್ರೆಯ ನಮೂನೆಗಳಿಗಾಗಲಿ ಬಂದು ಹೋಗುವ ವಸ್ತುವನ್ನು ಅಳೆಯುವುದು ಗೊತ್ತಿಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಇದ್ದದ್ದು ಏಳು ಬಗೆ. ಅಂಧತ್ವ, ಮಂದದೃಷ್ಟಿ, ಕಿವುಡು, ಚಲನೆಯ ಊನ, ಕುಷ್ಠದಿಂದ ಗುಣವಾದವರು, ಬುದ್ಧಿಮಾಂದ್ಯ, ಮನೋರೋಗ. 2016ರ ಕಾಯ್ದೆ ಇದನ್ನು ಇಪ್ಪತ್ತೊಂದಕ್ಕೆ ಏರಿಸಿತು. ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್‌ಸನ್, ಹಿಮೋಫಿಲಿಯಾ, ಥಲಸ್ಸೇಮಿಯಾ, ಕುಡಗೋಲು ಕಣ ರೋಗ, ಕಲಿಕೆಯ ನ್ಯೂನತೆ, ಆಟಿಸಂ ಇವೆಲ್ಲ ಒಳಗೆ ಬಂದವು. ಇದು ದೊಡ್ಡ ಹೆಜ್ಜೆ. ಅದನ್ನು ತರಲು ಹೋರಾಡಿದವರ ಶ್ರಮವನ್ನು ನಾನು ಕಡೆಗಣಿಸಲಾರೆ. ಆದರೂ ಒಂದು ಗೆರೆ ಹಾಗೇ ಉಳಿಯಿತು: ಶೇಕಡಾ 40. ಅದರ ಮೇಲಿದ್ದರೆ ಸವಲತ್ತು. ಕೆಳಗಿದ್ದರೆ ನೀವು ಆರೋಗ್ಯವಂತರೇನೂ ಅಲ್ಲ, ಆದರೆ ಊನವುಳ್ಳವರೂ ಅಲ್ಲ. ಇನ್ನೊಂದು ಚೋದ್ಯ, ಇದನ್ನು ಕಾಯ್ದೆಯ 34ನೆಯ ಕಲಮು ಓದಿದವರು ಬಲ್ಲರು: ಸರ್ಕಾರಿ ನೌಕರಿಯ ಶೇಕಡಾ 4ರ ಮೀಸಲಾತಿಯನ್ನು ಹಂಚುವಾಗ ಹಿಮೋಫಿಲಿಯಾ, ಥಲಸ್ಸೇಮಿಯಾ, ಕುಡಗೋಲು ಕಣ ರೋಗ, ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್‌ಸನ್ ಇವುಗಳ ಹೆಸರೇ ಇಲ್ಲ. ಮದುವೆಗೆ ಕರೆದು ಪಂಕ್ತಿಯಲ್ಲಿ ಎಲೆ ಹಾಕದ ಹಾಗೆ. ಅಪಸ್ಮಾರ, ಲೂಪಸ್, ದೀರ್ಘಕಾಲದ ನೋವು ಇವಂತೂ ಇಪ್ಪತ್ತೊಂದರ ಪಟ್ಟಿಯಲ್ಲೇ ಇಲ್ಲ.

ನನ್ನ ಹೆಂಡತಿ ಪ್ರಮಾಣಪತ್ರಕ್ಕೆ ಹೋದದ್ದು ಒಂದೇ ಕಾರಣಕ್ಕೆ. ಅವಳ ಶಾಲೆಯ ಒಂಬತ್ತನೆಯ, ಹತ್ತನೆಯ ತರಗತಿಗಳೆರಡೂ ಮಾಳಿಗೆಯ ಮೇಲಿದ್ದವು. ಕೆಳಗಿನ ಅಂತಸ್ತಿನಲ್ಲಿ ಪಾಠ ಹೇಳುವ ಶಾಲೆಗೆ ವರ್ಗ ಬೇಕಿತ್ತು. ಒಂದು ಸರ್ಕಾರಿ ಆಸ್ಪತ್ರೆಯ ಮಂಡಳಿಯೆದುರು ನಿಂತೆವು. ಜನವರಿ ತಿಂಗಳು, ಬೆಳಗಿನ ಹತ್ತು ಗಂಟೆ, ಸುಖವಾದ ತಂಪು. 'ನಡಕೊಂಡs ಬಂದೀರಲ್ರೀ' ಎಂದರು ಮಂಡಳಿಯವರು. ಅವರ ದನಿಯಲ್ಲಿ ಕೆಟ್ಟತನವಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. ಶೇಕಡಾವಾರು ನಲವತ್ತರ ಕೆಳಗೆ ಬಂತು. ಏಪ್ರಿಲ್ಲಿನಲ್ಲಿ ಬಂದು ತೋರಿಸುತ್ತೇನೆ ಎಂದಳು ಇವಳು. ಅದಕ್ಕೆ ನಮೂನೆಯಲ್ಲಿ ಜಾಗವಿರಲಿಲ್ಲ.

ನಡೆಯುವುದರ ಮೇಲೆ ವೈದ್ಯಕೀಯಕ್ಕೆ ಇರುವ ಈ ಮೋಹ ಜಿಲ್ಲಾ ಮಟ್ಟದ ಮಂಡಳಿಗಷ್ಟೇ ಸೀಮಿತವಲ್ಲ. ಈ ರೋಗದ ತೀವ್ರತೆಯನ್ನು ಜಗತ್ತಿನಾದ್ಯಂತ ಅಳೆಯುವುದು ಅಮೆರಿಕದ ಜಾನ್ ಕುರ್ಟ್ಸ್‌ಕಿ 1983ರಲ್ಲಿ ವಿಸ್ತರಿಸಿದ ಮಾಪಕದಿಂದ. ಸೊನ್ನೆಯಿಂದ ಹತ್ತರವರೆಗೆ ಅರ್ಧರ್ಧ ಅಂಕದ ಏಣಿ. ಅದರ ನಡುಭಾಗ ಪೂರ್ತಿ ನಡಿಗೆಯ ಲೆಕ್ಕ: ಆಸರೆಯಿಲ್ಲದೆ 500 ಮೀಟರ್ ನಡೆದರೆ ನಾಲ್ಕು, 200 ಮೀಟರ್ ಆದರೆ ಐದು, ನೂರು ಮೀಟರಿಗೆ ಕೋಲು ಬೇಕಾದರೆ ಆರು. ಕಣ್ಣು ಮಂಜಾದದ್ದು, ನೆನಪು ಮುಗ್ಗರಿಸಿದ್ದು, ಮೂರು ರೊಟ್ಟಿ ಬಡಿದ ಮೇಲೆ ನೆಲಕ್ಕೆ ಕುಸಿಯುವಂಥ ಆಯಾಸ ಇವೆಲ್ಲ ಆ ಏಣಿಯಲ್ಲಿ ಬಹಳ ಬೆಳಕಿಗೆ ಬರುವುದಿಲ್ಲ. ಆಯಾಸ ಎನ್ನುವ ಶಬ್ದವೂ ಸೋತಿದೆ. ಎಲ್ಲರಿಗೂ ಆಯಾಸವಾಗುತ್ತದೆ, ಆದ್ದರಿಂದ ಯಾರೂ ಆ ಮಾತಿಗೆ ನಿಂತು ಕೇಳುವುದಿಲ್ಲ.

ಶಬ್ದದ ಮಾತು ಬಂತು. ವರ್ಜೀನಿಯಾ ವುಲ್ಫ್ 1926ರಲ್ಲಿ ಕಾಯಿಲೆ ಬೀಳುವುದರ ಬಗ್ಗೆ ಬರೆದ ಪ್ರಬಂಧದಲ್ಲಿ, ಹ್ಯಾಮ್ಲೆಟ್ಟನ ಚಿಂತನೆಯನ್ನು ಹೇಳಬಲ್ಲ ಇಂಗ್ಲಿಷಿಗೆ ತಲೆನೋವನ್ನು ಹೇಳಲು ಮಾತಿಲ್ಲ ಎಂದು ಪೇಚಾಡಿಕೊಂಡಿದ್ದಾಳೆ. ವಿಮರ್ಶಕರು ಇದನ್ನು ಎಲ್ಲ ಭಾಷೆಗಳಿಗೂ ಅನ್ವಯಿಸುವ ಸತ್ಯವೆಂಬಂತೆ ಉದ್ಧರಿಸುತ್ತ ಬಂದಿದ್ದಾರೆ. ನನಗೆ ಅನುಮಾನ. ನಮ್ಮ ಓಣಿಯ ಮುದುಕಿಯರ ಮಾತು ಕೇಳಿ: ತಲೆ ಸಿಡಿಯುತ್ತದೆ, ಕಾಲು ಹರಿಯುತ್ತವೆ, ಸೊಂಟ ಹಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ, ಕರುಳು ಹಿಂಡುತ್ತದೆ, ಹಲ್ಲು ಜುಮ್ಮೆನ್ನುತ್ತದೆ, ಬೆನ್ನಿನಲ್ಲಿ ಛಳಕು, ಅಂಗಾಲಿನಲ್ಲಿ ಉರಿ, ಕೀಲಿನಲ್ಲಿ ಕೊರೆತ. ಜೋಮು ಬೇರೆ, ಮರಗಟ್ಟುವುದು ಬೇರೆ. ನೋವು ಬೇರೆ, ಬೇನೆ ಬೇರೆ, ಸಂಕಟ ಬೇರೆ. ಹೆಚ್ಚಿನವು ಕ್ರಿಯಾಪದಗಳು ಎಂಬುದನ್ನೂ ಗಮನಿಸಬೇಕು: ನೋವು ಇಲ್ಲಿ ಒಂದು ವಸ್ತುವಲ್ಲ, ಅಂಗವೇ ಏನನ್ನೋ ಮಾಡುತ್ತಿದೆ. ಇಂಗ್ಲಿಷಿನಲ್ಲಿ ಇಂಥ ಮಾತುಗಳನ್ನು ವಿಜ್ಞಾನವಾಗಿಯೇ ಸಂಗ್ರಹಿಸಿದವನು ಕೆನಡಾದ ರೊನಾಲ್ಡ್ ಮೆಲ್ಝಾಕ್. 1975ರಲ್ಲಿ ಅವನು ಪ್ರಕಟಿಸಿದ ಪ್ರಶ್ನಾವಳಿಯಲ್ಲಿ ನೋವಿನ 78 ವಿಶೇಷಣಗಳು ಇಪ್ಪತ್ತು ಗುಂಪುಗಳಲ್ಲಿವೆ. ಉರಿ, ಚುಚ್ಚು ಎಂದವರಿಗೆ ನರದ ತೊಂದರೆ ಇರಬಹುದೆಂಬ ಸುಳಿವು ಆ ಮಾತುಗಳಲ್ಲೇ ಸಿಗುತ್ತದೆ.

ಆದ್ದರಿಂದ ಕೊರತೆ ಇರುವುದು ಮಾತಿನದಲ್ಲ, ಕಿವಿಯದು. ನಮ್ಮ ಹೊರರೋಗಿ ವಿಭಾಗದ ಎದುರು ನೂರು ಜನ ಸಾಲಿನಲ್ಲಿರುವಾಗ ವೈದ್ಯರಿಗೆ ಒಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಅವರನ್ನು ಬರಿದೆ ಬೈದು ಪ್ರಯೋಜನವಿಲ್ಲ. ಆದರೆ ಆ ಕೆಲವೇ ನಿಮಿಷದಲ್ಲಿ ಏನಾಗುತ್ತದೆ ನೋಡಿ. ಮುದುಕಿ 'ಕಾಲು ಹರೀತಾವ್ರೀ, ರಾತ್ರಿ ಭಾಳ, ಹಾಸಿಗಿ ತಾಗಿದ್ರ ಉರಿ' ಎನ್ನುತ್ತಾಳೆ. ಅಷ್ಟರಲ್ಲಿ ಪೂರಾ ರೋಗಲಕ್ಷಣವಿದೆ. ಸಕ್ಕರೆ ಕಾಯಿಲೆಯಿಂದ ನರ ಕೆಟ್ಟವರು ಹೇಳುವುದು ಬಹುಪಾಲು ಇದನ್ನೇ. ಚೀಟಿಯ ಮೇಲೆ ಮಾತ್ರ ಇಂಗ್ಲಿಷಿನಲ್ಲಿ 'ಕಾಲುನೋವು' ಎಂದಷ್ಟೇ ದಾಖಲಾಗುತ್ತದೆ. ಸ್ವಲ್ಪ ದೊಡ್ಡ ಆಸ್ಪತ್ರೆಯಾದರೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ನರ್ಸಮ್ಮ ಕೇಳುತ್ತಾಳೆ. ಆಣೆ ಪೈಸೆಯ ಲೆಕ್ಕ ಬಲ್ಲ ಮುದುಕಿ ಒಂದು ಕ್ಷಣ ಯೋಚಿಸಿ, 'ಹತ್ತು ಅಂದ್ರ ಸಾಯೂದಲ್ಲ? ಹಂಗಾರ ಎಂಟು ಹಚ್ಚವ್ವಾ' ಎಂದದ್ದನ್ನು ನಾನೇ ಕೇಳಿದ್ದೇನೆ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದುವಾಗ, ನೋವಿದೆ ಎಂದು ವ್ಯಕ್ತಿ ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂಬ ಟಿಪ್ಪಣಿಯನ್ನು ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಹನ್ನೊಂದನೆಯ ವರ್ಗೀಕರಣ 2022ರ ಜನವರಿಯಿಂದ ಜಾರಿಗೆ ಬಂದಾಗ ದೀರ್ಘಕಾಲದ ನೋವು ತನ್ನದೇ ಸಂಕೇತಸಂಖ್ಯೆ ಪಡೆಯಿತು. ಅಂದರೆ ಅದು ಇನ್ನೊಂದರ ಲಕ್ಷಣ ಮಾತ್ರವಲ್ಲ, ತಾನೇ ಒಂದು ಕಾಯಿಲೆಯಾಗಬಹುದು. ಎಲೈನ್ ಸ್ಕ್ಯಾರಿ ಎಂಬ ವಿದುಷಿ 1985ರಲ್ಲೇ ತನ್ನ ಪುಸ್ತಕದಲ್ಲಿ, ನೋವು ಉಳ್ಳವನಿಗೆ ಅದಕ್ಕಿಂತ ಖಚಿತವಾದದ್ದು ಇನ್ನೊಂದಿಲ್ಲ, ಕೇಳುವವನಿಗೆ ಅದಕ್ಕಿಂತ ಸಂಶಯಾಸ್ಪದವಾದದ್ದೂ ಇನ್ನೊಂದಿಲ್ಲ ಎಂಬ ಅರ್ಥದ ವಾದ ಹೂಡಿದ್ದಳು. ಆಕೆಯ ಚಿಂತನೆ ಚಿತ್ರಹಿಂಸೆ, ಯುದ್ಧಗಳ ಸುತ್ತ ಬೆಳೆಯುತ್ತದೆ. ಅದರ ದಿನನಿತ್ಯದ ರೂಪವನ್ನು ನೋಡಬೇಕಾದರೆ ಯಾವುದಾದರೂ ತಾಲೂಕು ಆಸ್ಪತ್ರೆಯ ಬೆಂಚಿನ ಮೇಲೆ ಅರ್ಧ ದಿನ ಕೂತರೆ ಆಯಿತು.

ರೋಗಿಯ ಮಾತನ್ನು ನಂಬುವುದು ವೈದ್ಯಶಾಸ್ತ್ರಕ್ಕೆ ಆಗದ ಕೆಲಸವೇನಲ್ಲ. ಹಿಮೋಫಿಲಿಯಾದ ಉದಾಹರಣೆ ನಮ್ಮಲ್ಲೇ ಇದೆ. ರಕ್ತ ಹೆಪ್ಪುಗಟ್ಟದ ಈ ರೋಗದಲ್ಲಿ ಮೊಣಕಾಲು, ಮೊಣಕೈ, ಹರಡಿನ ಕೀಲುಗಳ ಒಳಗೇ ರಕ್ತ ಒಸರುತ್ತದೆ. ಶುರುವಿಗೆ ಹೊರಗೆ ಬಾವಿಲ್ಲ, ಬಣ್ಣವಿಲ್ಲ. ಏನೋ ಜುಮುಜುಮು ಎಂದು ಹುಡುಗನಿಗೆ ಮಾತ್ರ ಗೊತ್ತಾಗುತ್ತದೆ. ಬಾವು ಕಾಣಲಿ ಎಂದು ಕಾದರೆ ಕೀಲು ಹಾಳಾಗುತ್ತದೆ. ಆದ್ದರಿಂದ ಆ ಚಿಕಿತ್ಸೆಯ ನಿಯಮವೇ ಹೀಗೆ: ಅನುಮಾನವಿದ್ದರೂ ಮೊದಲು ರಕ್ತ ಹೆಪ್ಪುಗಟ್ಟಿಸುವ ಅಂಶವನ್ನು ಕೊಡು, ಪರೀಕ್ಷೆ ಆಮೇಲೆ. ದಾವಣಗೆರೆಯಲ್ಲಿ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿ ಬೆಳೆಸಿದ ಡಾ. ಸುರೇಶ್ ಹನಗವಾಡಿ ಸ್ವತಃ ಈ ರೋಗವುಳ್ಳವರು, ವೃತ್ತಿಯಿಂದ ವೈದ್ಯರು. ಮೇಜಿನ ಎರಡೂ ಕಡೆಯ ಕುರ್ಚಿಯಲ್ಲಿ ಕೂತು ಬಲ್ಲವರು. ನಂಬಿಕೆ ಎನ್ನುವುದು ಇಲ್ಲಿ ದಯೆಯ ವಿಷಯವಲ್ಲ, ಚಿಕಿತ್ಸೆಯ ಮೊದಲ ಹಂತ.

ಮೇಜಿನ ಎರಡೂ ಕಡೆ ಕೂತ ಅನುಭವ ಸ್ಯಾಕ್ಸ್‌ನಿಗೂ ಇತ್ತು. 1974ರಲ್ಲಿ ನಾರ್ವೆಯ ಬೆಟ್ಟವೊಂದರಲ್ಲಿ ಗೂಳಿಯನ್ನು ಕಂಡು ಓಡಿ ಬಿದ್ದು ಎಡತೊಡೆಯ ಸ್ನಾಯು ಹರಿದುಕೊಂಡ. ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು, ಹೊಲಿಗೆ ಚೆನ್ನಾಗಿ ಕೂತಿತು. ಆದರೆ ಕಾಲು ತನ್ನದು ಎನಿಸುತ್ತಿಲ್ಲ. ಇದನ್ನು ಹೇಳಿದರೆ ಶಸ್ತ್ರವೈದ್ಯ, ಅಂಥದ್ದೇನೂ ಇಲ್ಲ ಎಂದು ಮಾತು ಮುಗಿಸಿ ಹೊರಟುಬಿಡುತ್ತಾನೆ. ನರವೈದ್ಯನಾಗಿದ್ದ ಗಂಡಸಿಗೇ ಹೀಗೆ. ಈ ಅನುಭವವನ್ನು ಅವನು 'ಎ ಲೆಗ್ ಟು ಸ್ಟ್ಯಾಂಡ್ ಆನ್' (1984) ಎಂಬ ಪುಸ್ತಕವನ್ನಾಗಿಸಿದ. ಅಲ್ಲಿ ಒಂದಿಡೀ ಪುಸ್ತಕದ ಕೋಪಕ್ಕೆ ಕಾರಣವಾದ ಅಪನಂಬಿಕೆ, ಕ್ರಿಸ್ಟಿನಾಳ ಕಥೆಯಲ್ಲಿ ಕೆಲವೇ ಸಾಲಿಗೆ ಇಳಿದದ್ದು ನನಗೆ ಇಂದಿಗೂ ಸೋಜಿಗ.

ಅಂಗವೈಕಲ್ಯದ ಬಗ್ಗೆ ಬರೆಯುವ, ತಾನೇ ಕುಬ್ಜ ದೇಹದವನಾದ ಟಾಮ್ ಶೇಕ್ಸ್‌ಪಿಯರ್ ಎಂಬ ಇಂಗ್ಲಿಷ್ ಸಮಾಜಶಾಸ್ತ್ರಜ್ಞ 1996ರಲ್ಲಿ, ಸ್ಯಾಕ್ಸ್‌ನ ಪುಸ್ತಕದ ಶೀರ್ಷಿಕೆಯನ್ನೇ ತಿರುಚಿ, ಈತ ತನ್ನ ರೋಗಿಗಳನ್ನು ಸಾಹಿತ್ಯದ ಉದ್ಯೋಗವೆಂದು ಭಾವಿಸಿದ್ದಾನೆ ಎಂಬಂತೆ ಚುಚ್ಚಿದ್ದ. ಮಾತು ಚುರುಕಾಗಿದೆ, ಪೂರ್ತಿ ನ್ಯಾಯವಾಗಿಲ್ಲ. ರೋಗಿಗಳ ಬಗ್ಗೆ ಸ್ಯಾಕ್ಸ್‌ನ ಅಕ್ಕರೆ ಅವನ ಪ್ರತಿ ಪುಟದಲ್ಲಿದೆ. ತೊಡಕು ಬೇರೆ ಕಡೆ ಇದೆ. ಕಾಣದ ಊನವನ್ನು ಕಾಣಿಸಲು ಅವನು ಅದನ್ನು ಅದ್ಭುತವನ್ನಾಗಿ ಮಾಡಬೇಕಾಗುತ್ತದೆ. ವಿಟ್‌ಗೆನ್‌ಸ್ಟೈನ್ ಬರಬೇಕು, ಶೆರಿಂಗ್ಟನ್ ಬರಬೇಕು, ಕ್ರಿಸ್ಟಿನಾ ಶಿಲ್ಪದಂತೆ ಭಂಗಿಯಲ್ಲಿ ಕೂರಬೇಕು. ಜಗತ್ತಿನಲ್ಲೇ ಅಪರೂಪದವಳಾದ್ದರಿಂದ ಅವಳನ್ನು ನಾವು ನಂಬುತ್ತೇವೆ. ಸೊಂಟನೋವಿನ ಗಿರಿಜವ್ವನಿಗೆ, ದಣಿವಿನ ನನ್ನ ಹೆಂಡತಿಗೆ ಈ ದಾರಿಯಿಲ್ಲ. ಅವರದು ಸಾಧಾರಣ ಕಾಯಿಲೆ, ಅದನ್ನು ನಂಬಲು ತತ್ತ್ವಜ್ಞಾನಿ ಬರುವುದಿಲ್ಲ.

ಹೋಲಿಸಲು ಇನ್ನೊಂದು ಪುಸ್ತಕವಿದೆ: ಜೊನಾಥನ್ ಕೋಲ್ ಎಂಬ ವೈದ್ಯ ಬರೆದ 'ಪ್ರೈಡ್ ಅಂಡ್ ಎ ಡೈಲಿ ಮ್ಯಾರಥಾನ್' (1991). ಕ್ರಿಸ್ಟಿನಾಳಿಗೆ ಆದದ್ದೇ ಇಯಾನ್ ವಾಟರ್‌ಮನ್ ಎಂಬ ಇಂಗ್ಲಿಷ್ ಕಟುಕನಿಗೆ 1971ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ ಆಯಿತು. ಕುತ್ತಿಗೆಯ ಕೆಳಗೆ ಸ್ಪರ್ಶವಿಲ್ಲ, ಅಂಗಗಳ ಇರವಿನ ಅರಿವಿಲ್ಲ; ನೋವು, ಶಾಖ ಮಾತ್ರ ತಿಳಿಯುತ್ತವೆ. ಶೈಲಿಯಲ್ಲಿ ಕೋಲ್ ಸ್ಯಾಕ್ಸ್‌ನ ಹತ್ತಿರ ಬರಲಾರ; ಕೆಲವು ಅಧ್ಯಾಯಗಳು ವರದಿಯಂತೆ ಒಣಗಿವೆ. ಆದರೂ ನನಗೆ ಇದು ಹೆಚ್ಚು ಪ್ರಾಮಾಣಿಕ ಪುಸ್ತಕ ಎನಿಸುತ್ತದೆ. ಕಾರಣ, ಕೋಲ್ ವರ್ಷಗಟ್ಟಲೆ ಪಕ್ಕದಲ್ಲಿ ನಿಂತು ಆ ಮನುಷ್ಯನ ದಿನಚರಿಯನ್ನು ಬರೆಯುತ್ತಾನೆ. ಮೊಟ್ಟೆ ಒಡೆಯದಂತೆ ಎತ್ತಬೇಕಾದರೆ ಎಷ್ಟು ಗಮನ ಕೊಡಬೇಕು, ಗುಂಪಿನಲ್ಲಿ ಯಾರೋ ತಾಗಿದರೆ ಏನಾಗುತ್ತದೆ, ಸಾಮಾನ್ಯ ನೆಗಡಿ ಬಂದು ತಲೆ ಭಾರವಾದ ದಿನ ಹಾಸಿಗೆಯಲ್ಲೇ ಇರಬೇಕಾಗುವುದು ಯಾಕೆ. ನಡೆಯುವಾಗ ವಾಟರ್‌ಮನ್‌ನನ್ನು ನೋಡಿದವರಿಗೆ ಏನೂ ತಿಳಿಯದು. ಅದು ಅವನ ಹೆಮ್ಮೆ. ಹೊರಗೆ ಸಹಜವಾಗಿ ಕಾಣಲು ಒಳಗೆ ನಡೆಯುವ ದುಡಿಮೆ ಎಷ್ಟು ಎನ್ನುವುದೇ ಕೋಲ್‌ನ ವಸ್ತು. ಚೆನ್ನಾಗಿ ಕಾಣುವುದು ಆರೋಗ್ಯದ ಪುರಾವೆಯಲ್ಲ, ಬಹಳ ಸಲ ಅದು ಆ ದಿನದ ಸಂಪಾದನೆಯೆಲ್ಲ ಖರ್ಚಾದುದರ ಲೆಕ್ಕ. ಪ್ರಮಾಣಪತ್ರದ ಮಂಡಳಿಗಳಲ್ಲಿ ಕೂರುವವರಿಗೆ ಓದಿಸಬೇಕಾದದ್ದು ಈ ಪುಸ್ತಕವನ್ನು.

ಕ್ರಿಸ್ಟಿನಾಳ ಅಧ್ಯಾಯವನ್ನು ಒಂದು ರವಿವಾರ ನನ್ನ ಹೆಂಡತಿಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಹಿಸ್ಟೀರಿಯಾದ ಭಾಗಕ್ಕೆ ಬಂದಾಗ ನಕ್ಕಳು. ಬಸ್ಸಿನ ಭಾಗವಾದ ಮೇಲೆ, 'ಆಕಿಗೆ ಕೂಡ್ಲಿಕ್ಕೆ ಜಾಗಾ ಸಿಕ್ತೋ ಇಲ್ಲೋ?' ಎಂದು ಕೇಳಿದಳು. ಪುಟ ತಿರುವಿ ನೋಡಿದೆ. ಅದನ್ನು ಸ್ಯಾಕ್ಸ್ ಬರೆದಿಲ್ಲ.

ಇಂಥದಕ್ಕೆ ಇಂಗ್ಲೆಂಡಿನವರು ಒಂದು ಉಪಾಯ ಹುಡುಕಿದ್ದಾರೆ. 2016ರಲ್ಲಿ ಲಂಡನ್ ಸಮೀಪದ ಗ್ಯಾಟ್‌ವಿಕ್ ವಿಮಾನ ನಿಲ್ದಾಣದಲ್ಲಿ ಶುರುವಾದ, ಹಸಿರು ಪಟ್ಟಿಯ ಮೇಲೆ ಸೂರ್ಯಕಾಂತಿ ಹೂವಿನ ಚಿತ್ರವಿರುವ ಕೊರಳಪಟ್ಟಿ. ಅದನ್ನು ಹಾಕಿಕೊಂಡವರಿಗೆ ಕಾಣದ ತೊಂದರೆಯಿದೆ ಎಂದು ಸಿಬ್ಬಂದಿ ತಿಳಿದುಕೊಳ್ಳಬೇಕು. ಈಗ ಬೇರೆ ದೇಶಗಳಿಗೂ ಹರಡಿದೆ. 1968ರಲ್ಲಿ ಡೆನ್ಮಾರ್ಕಿನ ವಿದ್ಯಾರ್ಥಿನಿ ಸುಸಾನ್ ಕೋಫೋಡ್ ಬಿಡಿಸಿದ ಗಾಲಿಕುರ್ಚಿಯ ಚಿತ್ರವೇ ಇಷ್ಟು ವರ್ಷ ಎಲ್ಲ ಊನಗಳಿಗೂ ಒಂದೇ ಗುರುತಾಗಿದ್ದಾಗ, ಸೂರ್ಯಕಾಂತಿ ಬಂದದ್ದು ಒಳ್ಳೆಯದೇ. ಆದರೂ ಒಂದು ಮುಜುಗರ ಉಳಿಯುತ್ತದೆ: ನಂಬಿಸಲು ಮತ್ತೆ ಕಣ್ಣಿಗೆ ಏನಾದರೂ ತೋರಿಸಲೇಬೇಕು. ಕನ್ನಡದ ಶಬ್ದಗಳೂ ಇದೇ ಕಟ್ಟಿನಲ್ಲಿವೆ. ಅಂಗವಿಕಲ ಎಂದಾಗ ಒಂದು ಅಂಗ ಬೇಕು. ದಿವ್ಯಾಂಗ ಎಂದು ಏರಿಸಿದರೂ ಅಂಗ ಬಿಡಲಿಲ್ಲ. ವಿಕಲಚೇತನ ಎಂದರೆ ಅಂಗ ಹೋಯಿತು, ಪಾಪ ಚೇತನಕ್ಕೇ ಕುತ್ತು ಬಂತು. ನನಗೆ ಹಳೆಯ 'ಊನ' ಶಬ್ದವೇ ವಾಸಿ ಎನಿಸುತ್ತದೆ. ಏನೋ ಒಂದು ಕಡಿಮೆಯಿದೆ, ಎಲ್ಲಿ ಎಂದು ಅದು ಮೊದಲೇ ತೀರ್ಪು ಕೊಡುವುದಿಲ್ಲ, ಕೇಳಿ ತಿಳಿಯಬೇಕು.

ನನ್ನ ಹೆಂಡತಿಗೆ ವರ್ಗವಾಗಲಿಲ್ಲ. ಮುಖ್ಯೋಪಾಧ್ಯಾಯರು ಒಳ್ಳೆಯವರು, ಹತ್ತನೆಯ ತರಗತಿಯನ್ನೇ ಕೆಳಗಿನ ಕೋಣೆಗೆ ಇಳಿಸಿದರು. ಅವರು ಯಾವ ಕಾಗದವನ್ನೂ ಕೇಳಲಿಲ್ಲ. ಶಾಲೆಗೆ ಹೋಗುವುದು ಬಸ್ಸಿನಲ್ಲೇ. 2023ರ ಜೂನಿನಲ್ಲಿ ಸರ್ಕಾರದ ಯೋಜನೆ ಬಂದಮೇಲೆ ಟಿಕೇಟಿಗೆ ದುಡ್ಡಿಲ್ಲ. ಯೋಜನೆಯ ಹೆಸರು 'ಶಕ್ತಿ' ಎಂದಾಗ ಅವಳಿಗೆ 2013ರ ಚೀಟಿಯಲ್ಲಿ ಬರೆದಿದ್ದ 'ನಿಶ್ಶಕ್ತಿ' ನೆನಪಾಯಿತಂತೆ. ದುಡ್ಡಿಲ್ಲದ್ದರಿಂದ ಬಸ್ಸು ಈಗ ಮೊದಲಿಗಿಂತ ತುಂಬಿರುತ್ತದೆ. ಅಂಗವಿಕಲರಿಗೆ ಎಂದು ಬರೆದ ಸೀಟಿನಲ್ಲಿ ಅವಳು ಕೂರುವುದಿಲ್ಲ, ಯಾರಾದರೂ ಕೇಳಿದರೆ ಎಂದು. ಕಂಬ ಹಿಡಿದು ನಿಲ್ಲುತ್ತಾಳೆ, ಏಪ್ರಿಲ್ಲಿನಲ್ಲಿ ಕೆಳಗೇ ಕೂತುಬಿಡುತ್ತಾಳೆ.